ಮಾರಾಟಕ್ಕಿಟ್ಟ ಮನೆಯಲ್ಲಿ ವಾಸ

ತಾವು ಬಾಡಿಗೆಗಿರುವ ಮನೆಯನ್ನು ಮಾಲಕರು ಮಾರಲು ಹೊರಟಾಗ ಒಳಗಿರುವವರ ಪಾಡೇನೆಂಬುದನ್ನು ಬಲ್ಲ ಓದುಗರು ಅನೇಕರಿರಬಹುದು. ಸೊಲ್ಲಾಪುರದ ಹಳೆಯ ಪೇಟೆಯೊಂದರಲ್ಲಿ ಹನ್ನೊಂದು ವರುಷಗಳಿಂದ ಬಾಡಿಗೆಗಿರುವ ನಮಗೆ ಆ ಅನುಭವ ಕಳೆದ ವರುಷ ಒದಗಿತು. ಮಾಲಕರು ನೆಲೆಸಿರುವುದು ಪುಣೆಯಲ್ಲಿ. ಮನೆ ಮಾರುವುದು ಅವರ ಹಕ್ಕು. ಅದರಲ್ಲಿ ನಮಗೆ ತಕರಾರಿರಲಿಲ್ಲ.

ಆದರೆ ಮೊದಲ ವಾರದಿಂದಲೇ ದಲಾಲರು ಹೊತ್ತುಗೊತ್ತಿಲ್ಲದೆ ಜನರನ್ನು ಕರೆತರತೊಡಗಿದರು. ಮರಾಠಿ, ತೆಲುಗು, ಕನ್ನಡ ಮೂರೂ ಮಾತಿನವರು ಬಂದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೂ ಒಬ್ಬರು ಚಪ್ಪಲಿ ಮೆಟ್ಟಿಯೇ ದೇವರ ಜಗಲಿಯವರೆಗೆ ನಡೆದರು. ಇನ್ನೊಬ್ಬರು ನಮ್ಮ ಕಪಾಟನ್ನು ತೆರೆದು ನೋಡಿದರು. ಮತ್ತೊಬ್ಬರು ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ನಮ್ಮ ತಾಯಿಯವರ ಸಹಿತ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಅಂದು ಸಂಜೆ ತಾಯಿಯವರು, "ತಮ್ಮಾ, ಮನಿ ಜೋಡಿ ನನ್ನೂ ಮಾರಾಕತ್ತಾರೇನು?" ಎಂದು ಕೇಳಿದರು. ನಮಗೆ ನಗು ಬರಲಿಲ್ಲ.

ಆಗ ನಾವು ಪರಿಚಿತ ವಕೀಲರನ್ನು ಕಂಡೆವು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಂತೆ, ಬಾಡಿಗೆ ಕೊಟ್ಟು ಕರಾರು ಪಾಲಿಸುವವನಿಗೆ ಅಡ್ಡಿಯಿಲ್ಲದೆ ವಾಸಿಸುವ ಹಕ್ಕುಂಟು. ಯೋಗ್ಯ ವೇಳೆಯಲ್ಲಿ ಮಾಲಕನಿಗೆ ಮನೆಯ ಸ್ಥಿತಿ ನೋಡಗೊಡುವ ಹೊಣೆಯೂ ಉಂಟು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 28ನೆಯ ಕಲಮು, ಮಾಲಕನು ಮುಂಚಿತವಾಗಿ ತಿಳಿಸಿ ಯೋಗ್ಯ ವೇಳೆಯಲ್ಲಿ ಮನೆಯನ್ನು ಪರಿಶೀಲಿಸಬಹುದೆನ್ನುತ್ತದೆ. ಕೊಳ್ಳಲು ಬಂದವರಿಗೆಲ್ಲ ಕೇಳಿದಾಗ ಬಾಗಿಲು ತೆರೆಯಬೇಕೆಂದು ಅಲ್ಲಿ ಹೇಳಿಲ್ಲ.

ಜಗಳಕ್ಕೆ ಹೋಗದೆ ಮಾಲಕರಿಗೆ ಮರಾಠಿಯಲ್ಲಿ ಒಂದು ಪತ್ರ ಬರೆದೆವು. ಬುಧವಾರ ಸಂಜೆ ನಾಲ್ಕರಿಂದ ಆರು, ರವಿವಾರ ಮುಂಜಾನೆ ಹತ್ತರಿಂದ ಹನ್ನೆರಡು ಗಂಟೆಯವರೆಗೆ ಮನೆ ತೋರಿಸುವೆವು. ಬರುವವರ ಹೆಸರನ್ನು ಹಿಂದಿನ ದಿನವೇ ತಿಳಿಸಬೇಕು. ಒಂದು ಸಲಕ್ಕೆ ನಾಲ್ವರಿಗಿಂತ ಹೆಚ್ಚು ಜನ ಬೇಡ. ದಲಾಲರು ಕೊನೆಯವರೆಗೂ ಜೊತೆಗಿರಬೇಕು. ಗೋಡೆ, ಮಾಳಿಗೆಗಳ ಚಿತ್ರ ತೆಗೆಯಬಹುದು. ಮನೆಯವರದು, ಸಾಮಾನಿನದು ಕೂಡದು. ತಾಯಿಯವರ ಕೋಣೆಯನ್ನು ಹೊಸ್ತಿಲಿನಿಂದಲೇ ನೋಡಬೇಕು. ಮಗಳು ಒಬ್ಬಳೇ ಇರುವಾಗ ಬಾಗಿಲು ತೆರೆಯುವುದಿಲ್ಲ. ಕೀಲಿಕೈ ಯಾರಿಗೂ ಕೊಡುವುದಿಲ್ಲ. ನಮ್ಮ ಕಡೆಯಿಂದ, ಆ ಹೊತ್ತಿಗೆ ಮನೆಯನ್ನು ಗುಡಿಸಿ ಸಾರಿಸಿ ಸಿದ್ಧವಾಗಿಡುವೆವು. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆಯೇ ಹೇಳುವೆವು.

ಮಾಲಕರು ದೂರವಾಣಿಯಲ್ಲಿಯೇ ಒಪ್ಪಿದರು. ದಲಾಲರು ಮಾತ್ರ ಕೆಲದಿನ ಮುಖ ಗಂಟಿಕ್ಕಿದರು. ಎರಡು ಸಲ ಹೇಳದೆ ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ನೀರು, ಚಹಾ ಕೊಟ್ಟು, ರವಿವಾರ ಬರುವಂತೆ ಹೇಳಿ ಕಳುಹಿಸಿದೆವು. ಅವರಲ್ಲೊಬ್ಬರು ರವಿವಾರ ಮರಳಿ ಬಂದರು. ಮಳೆಗಾಲದಲ್ಲಿ ಹಿತ್ತಲ ಗೋಡೆ ತೇವವಾಗುವುದೆಂದು ಅವರಿಗೆ ತಿಳಿಸಿದೆವು. ಕೊನೆಗೆ ಮನೆಯನ್ನು ಕೊಂಡವರೂ ಅವರೇ.

ಮನೆ ಕೈ ಬದಲಾದ ಮಾತ್ರಕ್ಕೆ ಬಾಡಿಗೆಯ ಕರಾರು ಮುರಿದುಬೀಳುವುದಿಲ್ಲ. ಹೊಸ ಮಾಲಕರೊಡನೆ ನಮ್ಮದು ಮುಂದುವರಿದಿದೆ. ನಮ್ಮ ಓದುಗರಲ್ಲಿ ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟು ದೂರದಲ್ಲಿರುವವರೂ ಉಂಟು, ನಮ್ಮಂತೆ ಬಾಡಿಗೆಗಿರುವವರೂ ಉಂಟು. ಇಬ್ಬರಿಗೂ ನಮ್ಮ ವಿನಂತಿ ಒಂದೇ. ಮಾರಾಟದ ಮಾತು ಎದ್ದ ದಿನವೇ ವೇಳೆಯನ್ನು ಗೊತ್ತುಪಡಿಸಿ ಕಾಗದದ ಮೇಲೆ ಬರೆದುಕೊಳ್ಳಿರಿ. ವ್ಯವಹಾರ ಮುಗಿಯುವವರೆಗೂ ಆ ಮನೆಯಲ್ಲಿ ಒಂದು ಸಂಸಾರ ಉಣ್ಣಬೇಕು, ಮಲಗಬೇಕು, ಮಕ್ಕಳು ಓದಬೇಕು.