ನಗೆಮನೆಗೆ ಬಂದ ಅತಿಥಿ

ಅತಿಥಿಯನ್ನು ಸತ್ಕರಿಸುವುದು ಒಂದು ಕಲೆ. ಬಂದವರನ್ನು ನಗಿಸುವುದು ಮತ್ತೊಂದು ಕಲೆ. ಇವೆರಡೂ ಒಂದೇ ಜಗಲಿಯ ಮೇಲೆ ಒಂದೇ ಹೊತ್ತಿನಲ್ಲಿ ನಡೆಯಬೇಕಾದರೆ ಮನೆಯವರಿಗೆ ಅಸಾಧಾರಣವಾದ ಜಾಣ್ಮೆ ಇರಬೇಕು. ಕರಾವಳಿಯ ಹಳೆಯ ಮನೆಗಳಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು. ಬಳಿಕ ಕುಡಿಯಲು ನೀರು, ಜತೆಗೊಂದು ತುಂಡು ಬೆಲ್ಲ. ಕುಶಲಪ್ರಶ್ನೆ ಅದರ ಮೇಲೆ. ವಿನೋದವು ಎಲ್ಲಕ್ಕಿಂತ ಕಡೆಗೆ. ಈ ಅನುಕ್ರಮವನ್ನು ಕೇವಲ ರೂಢಿಯೆಂದು ತಳ್ಳಿಬಿಡತಕ್ಕದ್ದಲ್ಲ. ದಣಿವು ಆರದವನೊಡನೆ ಮಾಡಿದ ಪರಿಹಾಸ್ಯವು ಅವನಿಗೆ ಉಪದ್ರವವಾಗುವುದೆಂಬ ವಿವೇಕವು ಅದರಲ್ಲಿ ಅಡಗಿದೆ.

ಅತಿಥಿಗಳನ್ನು ಕರೆದು ನಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ಮನೆಯೊಂದು 2015ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಕನ್ನಡದ ಕಿರುತೆರೆಯ ಮೇಲೆ ಬಾಗಿಲು ತೆರೆಯಿತು. ‘ಮಜಾ ಟಾಕೀಸ್’ ಎಂಬುದು ಅದರ ಹೆಸರು. ಕಲರ್ಸ್ ಕನ್ನಡವೆಂದು ಬಳಿಕ ಹೆಸರು ಪಡೆದ ವಾಹಿನಿಯು ಅದರ ನೆಲೆ. ಸೃಜನ್ ಲೋಕೇಶರು ಆ ಮನೆಯ ಯಜಮಾನರು. ಶ್ವೇತಾ ಚೆಂಗಪ್ಪನವರು ರಾಣಿಯೆಂಬ ಹೆಸರಿನ ಗೃಹಿಣಿ. ಕುರಿ ಪ್ರತಾಪರು ವಾರಕ್ಕೊಂದು ವೇಷದಲ್ಲಿ ಬಂದು ಮನೆಯನ್ನು ಅಲ್ಲೋಲಕಲ್ಲೋಲ ಮಾಡುವವರು. ಇವರೆಲ್ಲರ ನಡುವೆ ಒಂದು ಆಸನದಲ್ಲಿ ಕುಳಿತು ಮನಬಿಚ್ಚಿ ನಗುವುದೇ ಚಿತ್ರನಿರ್ದೇಶಕ ಇಂದ್ರಜಿತ್ ಲಂಕೇಶರ ಮುಖ್ಯವಾದ ಕೆಲಸವಾಗಿತ್ತು. ಹೊಸ ಚಲನಚಿತ್ರವು ತೆರೆಗೆ ಬರುವ ಕಾಲಕ್ಕೆ ಅದರ ನಾಯಕನೋ ನಾಯಿಕೆಯೋ ನಿರ್ದೇಶಕನೋ ಈ ಮನೆಗೆ ಅತಿಥಿಯಾಗಿ ಬರುವುದು. ಮನೆಯವರು ಒಬ್ಬೊಬ್ಬರಾಗಿ ಎದುರಿಗೆ ಬಂದು ತಮ್ಮ ಅವಾಂತರಗಳನ್ನು ಪ್ರದರ್ಶಿಸುವುದು. ಅತಿಥಿಯು ನಕ್ಕು ಸುಸ್ತಾಗಿ ಹೊರಡುವುದು. ಇಷ್ಟೇ ಇದರ ಸಂವಿಧಾನ.

ಈ ಸಂವಿಧಾನವು ಕನ್ನಡಿಗರ ಸ್ವಂತ ಕಲ್ಪನೆಯೆಂದು ಹೇಳುವಂತಿಲ್ಲ. ಇದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, ಕಪಿಲ್ ಶರ್ಮರು ಹಿಂದಿಯಲ್ಲಿ ಇಂತಹದೇ ಮನೆಯೊಂದನ್ನು ಕಟ್ಟಿದ್ದರು. ಅದಕ್ಕೂ ಹಿಂದೆ, 2001ರಿಂದ, ಇಂಗ್ಲೆಂಡಿನ ಬಿಬಿಸಿಯಲ್ಲಿ ಕುಮಾರ್ ಎಂಬ ಭಾರತೀಯ ಕುಟುಂಬದ ಮನೆಗೆ ಪ್ರಸಿದ್ಧರು ಬಂದು ಹೋಗುವ ವಿನೋದಮಾಲೆಯೊಂದು ನಡೆದಿತ್ತು. ಇನ್ನೂ ಹಿಂದಕ್ಕೆ ಹೋದರೆ, ಅಮೆರಿಕದಲ್ಲಿ ಕ್ಯಾರಲ್ ಬರ್ನೆಟ್ ಎಂಬ ವಿನೋದನಟಿಯು 1967ರಿಂದ 1978ರವರೆಗೆ, ಹನ್ನೊಂದು ವರ್ಷಗಳ ಕಾಲ, ವಾರವಾರವೂ ಅತಿಥಿನಟರೊಡನೆ ಹಾಡು, ಕುಣಿತ, ಪ್ರಹಸನಗಳನ್ನು ನಡೆಸಿದ್ದಳು. ಆಕೆಯ ಎರಡು ಪದ್ಧತಿಗಳು ಸ್ಮರಣೀಯವಾಗಿವೆ. ಆಟಕ್ಕೆ ಮೊದಲು ಆಕೆ ವೇಷವಿಲ್ಲದೆ ರಂಗಕ್ಕೆ ಬಂದು ಸಭಿಕರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು. ಆಟದ ಕೊನೆಯಲ್ಲಿ ತನ್ನ ಕಿವಿಯನ್ನು ಒಮ್ಮೆ ಎಳೆದುಕೊಳ್ಳುತ್ತಿದ್ದಳು. ಆ ಕಿವಿ ಎಳೆಯುವಿಕೆಯು ತನ್ನನ್ನು ಸಾಕಿ ಸಲಹಿದ ಅಜ್ಜಿಗೆ ಕೊಟ್ಟ ಗುಪ್ತ ಸಂಕೇತವಾಗಿತ್ತು. ಕೋಟ್ಯಂತರ ಜನರನ್ನು ನಗಿಸುವವಳಿಗೂ ನಮಸ್ಕಾರ ಮಾಡಲು ಒಬ್ಬ ಹಿರಿಯಳು ಬೇಕಾಗಿದ್ದಳೆಂಬುದು ಇದರಿಂದ ವಿದಿತವಾಗುತ್ತದೆ.

ಬೀಜವು ಎಲ್ಲಿಂದ ಬಂದರೇನು, ಬೆಳೆದ ಮಣ್ಣು ಯಾವುದೆಂದು ನೋಡಬೇಕು. ಸೃಜನರ ತಂದೆ ‘ಪರಸಂಗದ ಗೆಂಡೆತಿಮ್ಮ’ನಾಗಿ ಕನ್ನಡಿಗರ ಮನಸ್ಸಿನಲ್ಲಿ ನೆಲೆನಿಂತ ಲೋಕೇಶರು. ಅಜ್ಜ ಸುಬ್ಬಯ್ಯನಾಯ್ಡು ಅವರು ನಾಟಕದ ಕಂಪೆನಿಯನ್ನು ಕಟ್ಟಿ ಊರೂರು ತಿರುಗಿದವರು; 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ಇಂದ್ರಜಿತುವಿನ ಪಾತ್ರವನ್ನು ವಹಿಸಿದವರು. ಅಜ್ಜನು ಇಂದ್ರಜಿತುವಾಗಿದ್ದ ಮನೆತನದ ಮೊಮ್ಮಗನು ಇಂದ್ರಜಿತರೆಂಬವರನ್ನು ಆಸನದಲ್ಲಿ ಕೂರಿಸಿ ವಾರವಾರವೂ ನಗಿಸುವಂತಾದುದು ಕಾಲನು ಮಾಡಿದ ವಿನೋದವೆನ್ನಬೇಕು. ಹೀಗೆ ಡೇರೆಯ ನಾಟಕದಿಂದ ವಾಕ್ಚಿತ್ರಕ್ಕೆ, ಅಲ್ಲಿಂದ ಕಿರುತೆರೆಗೆ, ಮೂರು ತಲೆಮಾರುಗಳು ಜನರ ಎದುರಿಗೆ ನಿಂತೇ ಅನ್ನ ಉಂಡಿವೆ.

ಇಂತಹ ಆಟವನ್ನು ಪಡುಬಿದ್ರಿಯಂತಹ ಊರಿನಲ್ಲಿ ಕುಳಿತು ನೋಡುವವರ ಕಣ್ಣಿಗೆ ಹೋಲಿಕೆಗೆ ಬೇರೊಂದು ಅಳತೆಗೋಲು ತಾನಾಗಿಯೇ ಒದಗುತ್ತದೆ. ಬಡಗುತಿಟ್ಟಿನ ಯಕ್ಷಗಾನದ ಸೀಮೆಯನ್ನು ಹೇಳುವಾಗ ಪಡುಬಿದ್ರಿಯಿಂದ ಬೈಂದೂರಿನವರೆಗೆ ಎನ್ನುವ ರೂಢಿಯುಂಟು. ತೆಂಕಣ ಚೆಂಡೆಯ ಪೆಟ್ಟೂ ಬಡಗಣ ಹೆಜ್ಜೆಯ ಕುಣಿತವೂ ಈ ಗಡಿಯ ಊರಿನ ಕಿವಿಕಣ್ಣುಗಳಿಗೆ ಹೊಸತಲ್ಲ. ಆದುದರಿಂದ ಇಲ್ಲಿಯವರು ನಗಿಸುವವನನ್ನು ಕಂಡೊಡನೆ ಮನಸ್ಸಿನಲ್ಲಿಯೇ ಅವನನ್ನು ಮೇಳದ ಹಾಸ್ಯಗಾರನ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆ.

ಮೇಳದಲ್ಲಿ ಹಾಸ್ಯಗಾರನ ಸ್ಥಾನವು ಕಿರಿದಲ್ಲ. ದೂತನೂ ಅವನೇ, ಬಡ ಬ್ರಾಹ್ಮಣನೂ ಅವನೇ, ಅಗಸನೂ ಬಾಗಿಲು ಕಾಯುವವನೂ ಅವನೇ. ಅವನಿಗೆ ಯಾರೂ ಮಾತು ಬರೆದುಕೊಡುವುದಿಲ್ಲ. ಪ್ರಸಂಗದ ನಡೆ, ಎದುರು ವೇಷಧಾರಿಯ ಸ್ವಭಾವ, ಅಂದಿನ ಸಭೆಯ ಮನೋಧರ್ಮ ಇವು ಮೂರನ್ನೂ ಅರಿತು ಆ ಕ್ಷಣದಲ್ಲಿಯೇ ಮಾತನ್ನು ಹುಟ್ಟಿಸಬೇಕು. ಭಾಗವತರು ಪ್ರಶ್ನೆ ಹಾಕಬೇಕು, ಅವನು ಉತ್ತರಕೊಡಬೇಕು. ಆ ಉತ್ತರದಲ್ಲಿ ನಗೆಯೂ ಇರಬೇಕು, ಕಥೆಯೂ ಮುಂದಕ್ಕೆ ಸಾಗಬೇಕು. ಮಿಜಾರು ಅಣ್ಣಪ್ಪ, ವಿಟ್ಲ ಗೋಪಾಲಕೃಷ್ಣ ಜೋಷಿ, ಪೆರುವಡಿ ನಾರಾಯಣ ಭಟ್, ಕುಂಜಾಲು ರಾಮಕೃಷ್ಣ ನಾಯಕ್ ಮುಂತಾದವರ ಹೆಸರು ಕೇಳಿದ ಮಾತ್ರಕ್ಕೆ ಹಿರಿಯರ ಮುಖದಲ್ಲಿ ನಗೆ ಮೂಡುವುದಾದರೆ, ಅದು ಕೇವಲ ಚೇಷ್ಟೆಯ ಫಲವಲ್ಲ. ರಾಜನ ಎದುರಿಗೆ ಯಾರೂ ಆಡಲಾರದ ಮಾತನ್ನು ಆಡುವ ಅಧಿಕಾರವನ್ನು ಸಭೆಯು ಹಾಸ್ಯಗಾರನಿಗೆ ಕೊಟ್ಟಿದೆ. ಅದಕ್ಕೆ ಪ್ರತಿಯಾಗಿ ಅವನು ಮೊದಲು ತನ್ನನ್ನು ತಾನೇ ನಗೆಗೆ ಒಪ್ಪಿಸಿಕೊಳ್ಳಬೇಕು. ಇದು ರಂಗದ ಅಲಿಖಿತವಾದ ಕರಾರು.

ಈ ಕರಾರು ಮುರಿದಾಗ ಆಗುವ ನೋವು ಎಂತಹದೆಂಬುದಕ್ಕೆ ಪಡುಬಿದ್ರಿಯ ಒಂದು ಮನೆಯಲ್ಲಿ ನಡೆದ ಸಣ್ಣ ಸಂಭಾಷಣೆಯನ್ನು ಉದಾಹರಿಸಬಹುದು. ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ್ದ ಮೊಮ್ಮಗಳು ರಜೆಯಲ್ಲಿ ಬಂದಿದ್ದಳು. ರಾತ್ರಿ ಊಟವಾದ ಮೇಲೆ ಅಜ್ಜನೂ ಅವಳೂ ಒಂದು ವಿನೋದ ಕಾರ್ಯಕ್ರಮವನ್ನು ನೋಡುತ್ತಿದ್ದರು. ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅದರಲ್ಲಿ ಕರಾವಳಿಯವನೆಂದು ತೋರಿಸಲ್ಪಟ್ಟ ಒಬ್ಬನು ಬಂದು ಮಾತಿಗೊಮ್ಮೆ “ಎಂತ ಮಾರಾಯ್ರೆ” ಎಂದು ಎಳೆದೆಳೆದು ನುಡಿಯುತ್ತಿದ್ದನು. ಪಾತ್ರಕ್ಕೆ ಬೇರೆ ಕೆಲಸವೇನೂ ಇರಲಿಲ್ಲ. ಪರದೆಯೊಳಗಿನ ಸಭೆಯು ಬಿದ್ದು ಬಿದ್ದು ನಕ್ಕಿತು. ಅಜ್ಜನಿಗೂ ನಗು ಬಂದಿತು. ಆಗ ತುಳುವಿನಲ್ಲಿ ನಡೆದ ಮಾತಿನ ಸಾರವು ಹೀಗಿದೆ.

“ನೀವೂ ನಗುವುದಾ ಅಜ್ಜ? ಆಫೀಸಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಹೀಗೆಯೇ ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ, ಕೆಲಸದ ವಿಷಯ ಹೇಳಿದ್ದು. ಈಗ ಸಭೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೇನೆ.”

ಅಜ್ಜನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಆಟಗಳಲ್ಲಿ ಬ್ಯಾರಿಯ ಮಾತಿಗೂ ಕೊಂಕಣಿಯವರ ಮಾತಿಗೂ ನಾವು ಎಷ್ಟು ನಕ್ಕಿದ್ದೇವೆ ಮಗಾ! ಅವರ ಪೈಕಿಯವರು ಪಕ್ಕದಲ್ಲೇ ಕುಳಿತು ಆಟ ನೋಡುತ್ತಿದ್ದರು. ನಿಮಗೆ ಹೇಗಾಯಿತೆಂದು ಯಾರೂ ಕೇಳಿದ್ದಿಲ್ಲ” ಎಂದನು.

ಅಜ್ಜನ ಈ ಮಾತು ಸತ್ಯವಾದುದು. ರಾಜಧಾನಿಯವರು ಕರಾವಳಿಯ ನುಡಿಯನ್ನು ನಗುತ್ತಾರೆಂದು ದೂರುವ ಕರಾವಳಿಯು ತನ್ನ ನೆರೆಹೊರೆಯವರ ನುಡಿಯನ್ನು ನಗದೆ ಬಿಟ್ಟಿಲ್ಲ. ಆದರೆ ಅದೇ ರಂಗದಲ್ಲಿ ಇದಕ್ಕೊಂದು ಪರಿಹಾರವೂ ಕಾಣಸಿಗುತ್ತದೆ. ಪಡುಬಿದ್ರಿಯಿಂದ ತೆಂಕಕ್ಕೆ ಹೆಜಮಾಡಿಯನ್ನು ಕಳೆದು ಶಾಂಭವಿ ನದಿಯನ್ನು ದಾಟಿದರೆ ಮೂಲ್ಕಿ. ಅಲ್ಲಿ ಬಪ್ಪನಾಡಿನ ದುರ್ಗಾಪರಮೇಶ್ವರಿಯ ದೇವಾಲಯವಿದೆ. ಬಪ್ಪ ಬ್ಯಾರಿಯೆಂಬ ಮುಸಲ್ಮಾನ ವರ್ತಕನ ದೋಣಿಯು ಆ ನದಿಯಲ್ಲಿ ನಿಂತುಹೋಯಿತೆಂದೂ, ದೇವಿಯು ಅವನಿಗೆ ಸ್ವಪ್ನದಲ್ಲಿ ಕಾಣಿಸಿಕೊಂಡಳೆಂದೂ, ಅವನೇ ಮುಂದೆ ನಿಂತು ಗುಡಿ ಕಟ್ಟಿಸಿದನೆಂದೂ ಐತಿಹ್ಯವುಂಟು. ಈ ಕಥೆಯು ಯಕ್ಷಗಾನ ಪ್ರಸಂಗವಾಗಿದೆ. ರಂಗಕ್ಕೆ ಬರುವಾಗ ಬಪ್ಪ ಬ್ಯಾರಿಯ ನುಡಿಗೆ ಸಭೆಯು ನಗುತ್ತದೆ. ಆದರೆ ಪ್ರಸಂಗವು ಅವನನ್ನು ಆ ನಗೆಯಲ್ಲಿಯೇ ಬಿಟ್ಟು ಹೋಗುವುದಿಲ್ಲ. ದೇವಿಯ ಕರೆಗೆ ಓಗೊಟ್ಟ ಪುಣ್ಯವಂತನನ್ನಾಗಿ ಅವನನ್ನು ನಿಲ್ಲಿಸಿ, ನಕ್ಕವರ ಕೈಗಳನ್ನೇ ಜೋಡಿಸುವಂತೆ ಮಾಡುತ್ತದೆ. ನಕ್ಕ ಸಾಲವನ್ನು ಗೌರವದ ರೂಪದಲ್ಲಿ ತೀರಿಸುವುದೆಂದರೆ ಹೀಗೆ. “ಎಂತ ಮಾರಾಯ್ರೆ” ಎಂದು ಬಂದು ಹಾಗೆಯೇ ಹೋದವನಿಗೆ ಆ ಸಾಲವು ಸಂದಾಯವಾಗಲಿಲ್ಲ. ಅದನ್ನು ಕಚೇರಿಯಲ್ಲಿ ಬಾಯಿ ಮುಚ್ಚಿ ಕುಳಿತ ಹುಡುಗಿಯು ತೆರುತ್ತಿದ್ದಾಳೆ.

ದೂರದರ್ಶನದ ನಗೆಮನೆಯಲ್ಲಿ ಸೋಫಾದ ಮೇಲೆ ಕುಳಿತ ಚಿತ್ರನಟನೊಬ್ಬನೇ ಅತಿಥಿಯೆಂದು ತಿಳಿಯಬಾರದು. ಗಾಜಿನ ಈಚೆ ಬದಿಯಲ್ಲಿ, ಬೀದರಿನಿಂದ ಪಡುಬಿದ್ರಿಯವರೆಗೆ, ಕೆಲಸ ಮುಗಿಸಿ ಕಾಲು ಚಾಚಿ ಕುಳಿತವರೆಲ್ಲರೂ ಆ ಮನೆಯ ಅತಿಥಿಗಳೇ. ಸೋಫಾದ ಮೇಲಿನ ಅತಿಥಿಗೆ ಸನ್ಮಾನವು ನಿಶ್ಚಿತ. ಅವನು ಹೆಸರುಳ್ಳವನು, ಅವನ ಚಿತ್ರದ ಪ್ರಚಾರವೂ ಆಗಬೇಕು. ಹೆಸರಿಲ್ಲದ ಈ ಅತಿಥಿಗಳ ಮೈಬಣ್ಣ, ಗಾತ್ರ, ನುಡಿ, ಬಡತನಗಳನ್ನು ಆ ಮನೆಯು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಲ್ಲಿಯೇ ಅದರ ಯೋಗ್ಯತೆಯ ಪರೀಕ್ಷೆಯಿದೆ.

ಈ ಪರೀಕ್ಷೆಯಲ್ಲಿ ತಲೆಯೆತ್ತಿ ನಿಲ್ಲುವ ಪಾತ್ರವೊಂದು ‘ಮಜಾ ಟಾಕೀಸ್’ನಲ್ಲಿತ್ತು. ಅದು ವರಲಕ್ಷ್ಮಿಯದು. ತನ್ನ ರೂಪವನ್ನು ತಾನೇ ಹೊಗಳಿಕೊಳ್ಳುವ, ಮೈತುಂಬ ಅಲಂಕಾರ ಹೇರಿಕೊಂಡು ಬರುವ, ಎಷ್ಟು ಹಾಸ್ಯಕ್ಕೊಳಗಾದರೂ ತನ್ನ ಹಿರಿಮೆಯಲ್ಲಿ ಲವಲೇಶವೂ ಸಂಶಯಪಡದ ಆ ಹೆಂಗಸನ್ನು ಅಭಿನಯಿಸಿದವರು ಅಪರ್ಣಾ. ಇವರು ಯಾರು? ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರವಾದ ‘ಮಸಣದ ಹೂವು’ವಿನಲ್ಲಿ ಮೊದಲು ಕಾಣಿಸಿಕೊಂಡವರು, ಆಕಾಶವಾಣಿ ದೂರದರ್ಶನಗಳಲ್ಲಿ ನಿರೂಪಣೆಯೆಂದರೆ ಹೀಗಿರಬೇಕೆಂದು ಕನ್ನಡಿಗರಿಗೆ ತೋರಿಸಿಕೊಟ್ಟವರು, 1998ರ ದೀಪಾವಳಿಯ ಕಾರ್ಯಕ್ರಮವನ್ನು ಎಂಟು ಗಂಟೆಗಳ ಕಾಲ ಎಡೆಬಿಡದೆ ನಿರೂಪಿಸಿದವರು, ಬೆಂಗಳೂರಿನ ನಮ್ಮ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣ ಯಾವುದೆಂದು ತಿಳಿಸಿದ ಕನ್ನಡದ ದನಿಯೂ ಅವರದೇ. ಅಲ್ಪಪ್ರಾಣ ಮಹಾಪ್ರಾಣಗಳು ಅವರ ನಾಲಗೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ನಿಲ್ಲುತ್ತಿದ್ದುವು. ಮೂರು ದಶಕಗಳ ಕಾಲ ಗಾಂಭೀರ್ಯದಿಂದ ಗಳಿಸಿದ ಆ ಹೆಸರನ್ನು ಅವರು ಒಂದು ದಿನ ಗಂಟು ಬಿಚ್ಚಿ ನಗೆಯ ರಂಗದಲ್ಲಿ ಚೆಲ್ಲಿದರು.

ಅವರನ್ನು ಆ ವೇಷದಲ್ಲಿ ಮೊದಲು ಕಂಡಾಗ ಹುಬ್ಬು ಗಂಟಿಕ್ಕಿದವರೂ ಇದ್ದಿರಬಹುದು. ವಸ್ತುತಃ ಅವರು ಮಾಡಿದುದು ಮೇಳದ ಹಿರಿಯ ಹಾಸ್ಯಗಾರರು ಮಾಡಿದ ಕೆಲಸವನ್ನೇ. ಬಲ್ಲವನು ಮಾತ್ರ ಅರಿಯದವನಂತೆ ಚೆನ್ನಾಗಿ ನಟಿಸಬಲ್ಲನು. ಮಾತಿನ ಹದವನ್ನು ಪೂರ್ಣವಾಗಿ ಕಂಡವರಿಗೆ ಮಾತ್ರ ಅದನ್ನು ಎಷ್ಟು ಕೆಡಿಸಿದರೆ ನಗೆ ಬರುವುದೆಂಬ ಲೆಕ್ಕ ಸಿಕ್ಕುವುದು. ವರಲಕ್ಷ್ಮಿಯು ಯಾವ ಊರಿನವರ ನುಡಿಯನ್ನೂ ಎರವಲು ತಂದು ಅಣಕಿಸಬೇಕಾಗಿರಲಿಲ್ಲ. ನಗೆಗೆ ಬೇಕಾದ ಸಾಮಗ್ರಿಯನ್ನೆಲ್ಲ ಆಕೆ ತನ್ನ ಒಡಲಿನಿಂದಲೇ ಒದಗಿಸುತ್ತಿದ್ದಳು. ನೋಡುವವರಲ್ಲಿ ಯಾರೂ ಆ ನಗೆಯ ಬೆಲೆಯನ್ನು ತೆರಬೇಕಾಗಲಿಲ್ಲ. ತೆತ್ತವರು ಅಪರ್ಣಾ ಒಬ್ಬರೇ. ಅದೂ ಬಡವನು ಸಾಲಮಾಡಿ ತೆತ್ತಂತಲ್ಲ, ಸಿರಿವಂತನು ನಗುತ್ತ ದಾನಮಾಡಿದಂತೆ.

2024ರ ಜುಲೈ 11ರಂದು ಅಪರ್ಣಾ ಶ್ವಾಸಕೋಶದ ಅರ್ಬುದರೋಗದಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ಮರುದಿನ ಅವರನ್ನು ಸ್ಮರಿಸಿದವರಲ್ಲಿ ಕೆಲವರು ನಿರೂಪಕಿಯನ್ನು ನೆನೆದರು. ಕೆಲವರು ಮೆಟ್ರೋ ರೈಲಿನ ದನಿಯನ್ನು ನೆನೆದರು. ಅನೇಕರು, ಅದರಲ್ಲಿಯೂ ಎಳೆಯರು, ವರಲಕ್ಷ್ಮಿಯನ್ನೇ ನೆನೆದರು. ಇದು ಅವರ ಹಿರಿಮೆಗೆ ಕುಂದೆಂದು ಭಾವಿಸಬೇಕಾದುದಿಲ್ಲ. ಗಂಭೀರವಾದ ಕೆಲಸವನ್ನು ಜನರು ಗೌರವದಿಂದ ಎತ್ತರದಲ್ಲಿ ಇಡುತ್ತಾರೆ. ನಗಿಸಿದವರನ್ನು ಮನೆಯ ಒಳಗೆ ಇಟ್ಟುಕೊಳ್ಳುತ್ತಾರೆ.

2025ರ ಫೆಬ್ರವರಿಯಲ್ಲಿ ‘ಮಜಾ ಟಾಕೀಸ್’ ಮತ್ತೊಮ್ಮೆ ಬಾಗಿಲು ತೆರೆದಾಗ ವರಲಕ್ಷ್ಮಿ ಇರಲಿಲ್ಲ. ಹೊಸ ಅತಿಥಿಗಳು ಬಂದರು, ಹೊಸ ಮಾತುಗಳು ಬಂದುವು, ನಗೆಯೂ ನಡೆಯಿತು. ಇಂತಹ ಮನೆಗಳನ್ನು ಮುಂದೆ ಕಟ್ಟುವವರೂ ಅವುಗಳಲ್ಲಿ ವೇಷ ಹಾಕುವವರೂ ಅನೇಕರು ಬರಲಿದ್ದಾರೆ, ಬರಲಿ. ನಗೆಯಿಲ್ಲದ ನಾಡು ಬದುಕಿ ಉಳಿಯಲಾರದು. ಹಾಗೆ ಬರುವವರು ರಂಗಕ್ಕೆ ಕಾಲಿಡುವ ಮೊದಲು ತಮ್ಮ ಗಂಟಿನಲ್ಲಿ ಸ್ವಂತದ್ದು ಏನಿದೆಯೆಂದು ಒಮ್ಮೆ ನೋಡಿಕೊಳ್ಳುವುದೊಳ್ಳಿತು. ಅದರಲ್ಲಿ ಏನೂ ಇಲ್ಲದವನೇ ಪರರ ನುಡಿಗೂ ಮೈಗೂ ಕೈಹಾಕುವನು; ಮತ್ತು ಆ ಪರರು ಅಂದು ರಾತ್ರಿ ಯಾವ ಊರಿನ ಯಾವ ಮನೆಯಲ್ಲಿ ಕುಳಿತು ನೋಡುತ್ತಿದ್ದಾರೆಂಬುದು ಅವನಿಗೆ ಎಂದೂ ತಿಳಿಯದು.