ಪ್ರತಿ ಸಲವೂ ಷರೀಫರ ಪದವೇ

ಪುಣೆಯ ಬಾಡಿಗೆ ಮನೆಯಲ್ಲಿ ಒಂದು ಶನಿವಾರ ರಾತ್ರಿ ಅವಳು ‘ವಿ ಆರ್ ಲೇಡಿ ಪಾರ್ಟ್ಸ್’ ನೋಡಲು ಕೂತದ್ದು ಸಂಗೀತಕ್ಕಾಗಿಯೇನಲ್ಲ. ಚೆನ್ನೈಯಲ್ಲಿ ಹುಟ್ಟಿ ಸಿಂಗಪುರದಲ್ಲಿ ಬೆಳೆದ ಅಂಜನಾ ವಾಸನ್ ಅದರಲ್ಲಿದ್ದಾಳೆ ಎಂದು ಆಫೀಸಿನ ತಮಿಳು ಗೆಳತಿ ಹೇಳಿದ್ದಳು, ಅಷ್ಟೇ. ಮೊದಲ ಸೀಸನ್ನಿನಲ್ಲಿ ಇರುವುದು ಆರೇ ಕಂತು. ಮೂರನೆಯದು ಮುಗಿಯುವ ಹೊತ್ತಿಗೆ ಅವಳಿಗೆ ಧಾರವಾಡದ ಕಾಲೇಜು ನೆನಪಾಗತೊಡಗಿತ್ತು.

2021ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ ಈ ಸರಣಿಯನ್ನು ಬರೆದದ್ದೂ ನಿರ್ದೇಶಿಸಿದ್ದೂ ನಿದಾ ಮಂಜೂರ್. ಹಾಡುಗಳಲ್ಲೂ ಅವರ ಮತ್ತು ಅವರ ಒಡಹುಟ್ಟಿದವರ ಕೈಯಿದೆ. ಕಥೆ ಲಂಡನ್ನಿನ ಮುಸ್ಲಿಂ ಹುಡುಗಿಯರ ಪಂಕ್ ಬ್ಯಾಂಡಿನದು. ಅಮೀನಾ ಸೂಕ್ಷ್ಮಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ, ಗಂಡು ಹುಡುಕುತ್ತಿದ್ದಾಳೆ, ಗಿಟಾರ್ ಚೆನ್ನಾಗಿ ನುಡಿಸುತ್ತಾಳೆ; ವೇದಿಕೆ ಹತ್ತಿದರೆ ಮಾತ್ರ ಹೊಟ್ಟೆ ತೊಳಸುತ್ತದೆ. ಹಾಡುವ ಸೈರಾ ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಡ್ರಮ್ಮಿನ ಆಯೇಷಾ ಟ್ಯಾಕ್ಸಿ ಓಡಿಸುತ್ತಾಳೆ. ಬಾಸ್ ನುಡಿಸುವ ಬಿಸ್ಮಾ ಕಪ್ಪು ಮೈಬಣ್ಣದವಳು, ಒಂದು ಮಗುವಿನ ತಾಯಿ, ಕಾಮಿಕ್ಸ್ ಬರೆಯುತ್ತಾಳೆ. ಮ್ಯಾನೇಜರ್ ಮೊಮ್ತಾಜ್ ನಿಖಾಬ್ ತೊಟ್ಟವಳು. ಮೊದಲ ಸೀಸನ್ನಿನಲ್ಲಿ ಮುಖವೇ ಕಾಣದೆ, ನಿಖಾಬಿನ ಸಂದಿಯಿಂದ ಇ-ಸಿಗರೇಟಿನ ಹೊಗೆ ಬಿಡುತ್ತಾಳೆ. ಯಾಕೆ ತೊಟ್ಟಿದ್ದೀ ಎಂದು ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಅವಳು ತಡೆದು ನಿಂತದ್ದು ಇಲ್ಲಿ.

ಕಾಲೇಜಿನಲ್ಲಿ ಅವಳದು ಹಾರ್ಮೋನಿಯಂ, ವಿಜಯಪುರದಿಂದ ಬಂದ ಗೆಳತಿಯದು ದನಿ. ಆ ಗೆಳತಿ ತಲೆಗೆ ಸ್ಕಾರ್ಫ್ ಕಟ್ಟುತ್ತಿದ್ದಳು. ಯುವಜನೋತ್ಸವ ಇರಲಿ, ವಾರ್ಷಿಕ ಸಮಾರಂಭ ಇರಲಿ, ನಿರೂಪಕರ ಬಾಯಲ್ಲಿ ಇಬ್ಬರೂ ‘ಭಾವೈಕ್ಯದ ಪ್ರತೀಕ’. ಹಾಡು ಶಿಶುನಾಳ ಷರೀಫರದೇ ಆಗಬೇಕು. ಎಸ್. ಜಾನಕಿಯವರ ಒಂದು ಸಿನಿಮಾ ಹಾಡನ್ನು ಹಾಡುತ್ತೇನೆಂದು ಗೆಳತಿ ಎರಡು ಸಲ ಕೇಳಿದ್ದಳು. ‘ನಿನಗ ಷರೀಫಜ್ಜನ ಪದಾನ ಛಲೋ’ ಎಂದರು ಮೇಷ್ಟ್ರು, ಪ್ರೀತಿಯಿಂದಲೇ. ಅವಳೂ ಹೌದೆಂದು ತಲೆಯಾಡಿಸಿದ್ದಳು. ಚಪ್ಪಾಳೆ ಜೋರಾಗಿ ಬೀಳುತ್ತಿತ್ತಲ್ಲ! ಷರೀಫರ ಪದದಲ್ಲಿ ಕೊರತೆಯೇನೂ ಇಲ್ಲ. ಪಕ್ಕದ ಸಾಲಿನ ಕುಲಕರ್ಣಿ, ಪಾಟೀಲರ ಮಕ್ಕಳು ತಮಗೆ ಬೇಕಾದ್ದು ಹಾಡುತ್ತಿದ್ದರು ಎಂಬುದಷ್ಟೇ ವಿಷಯ.

ಸರಣಿಯಲ್ಲೂ ಇಂಥದೇ ಪೆಟ್ಟು ಬೀಳುತ್ತದೆ. ಬ್ಯಾಂಡಿನ ಬಗ್ಗೆ ಬರೆಯುತ್ತೇನೆಂದು ನಗುನಗುತ್ತ ಬಂದ ಇನ್‌ಫ್ಲುಯೆನ್ಸರ್ ಒಬ್ಬಳು ಅವರನ್ನು ಧರ್ಮ ಧಿಕ್ಕರಿಸಿದ ಕೆಟ್ಟ ಹುಡುಗಿಯರನ್ನಾಗಿ ಮಾಡುತ್ತಾಳೆ. ಬೈಗುಳದ ಮಳೆ ಸುರಿಯುತ್ತದೆ, ಬ್ಯಾಂಡ್ ಒಡೆಯುತ್ತದೆ. ಒಳ್ಳೆಯ ಗಡ್ಡದ ಬಶೀರನ ಮೇಲೆ ತಮಾಷೆ ಹಾಡು ಕಟ್ಟಿದವರಿಗೆ ಈಗ ಇಡೀ ಸಮುದಾಯದ ಪರವಾಗಿ ಉತ್ತರ ಕೊಡುವ ಕೆಲಸ. ನಿದಾ ಅವರೂ ಇದನ್ನು ಉಂಡವರೇ. 2018ರ ಕಿರು ಪೈಲಟ್‌ಗೇ ಆಕ್ಷೇಪಗಳು ಬಂದಿದ್ದವು. ಇಂಥ ಕಥೆ ಟಿವಿಯಲ್ಲಿ ಒಂದೇ ಇದ್ದರೆ ಎಲ್ಲರೂ ಅದರಲ್ಲೇ ತಮ್ಮ ಮುಖ ಹುಡುಕುತ್ತಾರೆ, ಸಿಗದಿದ್ದರೆ ಸಿಟ್ಟಾಗುತ್ತಾರೆ. ಆ ಸಿಟ್ಟು ಸುಳ್ಳೂ ಅಲ್ಲ. ಆದರೂ ಐವರನ್ನು ಐದು ತರಹ ಇಟ್ಟದ್ದೇ ಸರಣಿಯ ಜಾಣತನ: ಯಾರೊಬ್ಬಳೂ ಎಲ್ಲರ ಭಾರ ಹೊರಬೇಕಿಲ್ಲ. ಅವರ ಜಗಳಗಳೂ ಹೆಚ್ಚಾಗಿ ಹಾಡಿನ ಸಲುವಾಗಿ, ರಿಹರ್ಸಲ್‌ಗೆ ತಪ್ಪಿಸಿಕೊಂಡ ಸಲುವಾಗಿ.

ನಮ್ಮಲ್ಲಿ ಇದು ತಮಾಷೆಯಾಗಿ ಮುಗಿದಿರಲಿಲ್ಲ. ಶ್ರೀನಗರದ ಮೂವರು ಶಾಲಾ ಹುಡುಗಿಯರ ‘ಪ್ರಗಾಶ್’ ಬ್ಯಾಂಡ್ 2012ರ ಡಿಸೆಂಬರಿನಲ್ಲಿ ವೇದಿಕೆ ಹತ್ತಿತು. ಬೆದರಿಕೆ, ಫತ್ವಾಗಳ ನಡುವೆ 2013ರ ಫೆಬ್ರವರಿಯಲ್ಲಿ ನಿಂತೇ ಹೋಯಿತು.

ರಾತ್ರಿ ಹನ್ನೊಂದಕ್ಕೆ ಅವಳು ಹೈದರಾಬಾದಿನಲ್ಲಿರುವ ಗೆಳತಿಗೆ ಫೋನ್ ಮಾಡಿದಳು. ಸರಣಿಯನ್ನು ಗೆಳತಿ ಆಗಲೇ ನೋಡಿದ್ದಳು.

‘ಷರೀಫಜ್ಜನ ಪದದ ವಿಷಯದಾಗ ನಾನೂ ಅವರ ಜೋಡಿ ತಲಿ ಹಾಕಿದ್ನೆಲ್ಲ,’ ಎಂದಳು ಇವಳು.

‘ಹಾಕಿದ್ದಿ,’ ಎಂದಳು ಗೆಳತಿ. ಸ್ವಲ್ಪ ಹೊತ್ತು ಬಿಟ್ಟು, ‘ಪೆಟ್ಟಿಗಿ ಅದ ಏನ ಇನ್ನೂ?’

ಹಾರ್ಮೋನಿಯಂ ಧಾರವಾಡದ ಮನೆಯ ಅಟ್ಟದ ಮೇಲಿದೆ, ತಿದಿಯನ್ನು ಇಲಿ ಕಡಿದಿದೆ ಎಂದಳು.

‘ರಿಪೇರಿ ಮಾಡಸು. ಜಾನಕಮ್ಮನ ಹಾಡಿಗೆ ಕಪ್ಪು ಎರಡು ಶ್ರುತಿ. ಈಗ ನನ್ನ ದನಿ ಇಳದದ, ಬಿಳಿ ಎರಡಕ್ಕ ಇಟಗೋ.’