ಗೋಲಿ ಸೋಡಾ ಮತ್ತು ಅರವಟ್ಟಿಗೆ

ಹೈದರಾಬಾದಿನಲ್ಲಿ ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಸೋಡಾ ಕುಡಿಯುವ ವಿಷಯಕ್ಕೆ ಮೂರು ಪಕ್ಷಗಳಾಗುತ್ತವೆ. ನಾನು ಹಾಸನದ ಕಡೆಯವಳು. ನಿಂಬೆಹಣ್ಣು ಹಿಂಡಿ, ಸಕ್ಕರೆಯ ಜೊತೆಗೆ ಚಿಟಿಕೆ ಉಪ್ಪನ್ನೂ ಬೆರೆಸಿ ಲೋಟದಲ್ಲಿ ಕುಡಿದರೇ ನನಗೆ ತೃಪ್ತಿ. ರಾಯಚೂರಿನವರಾದ ನಮ್ಮ ಯಜಮಾನರಿಗೆ ಉಪ್ಪು, ನಿಂಬೆ ಎರಡೇ ಸಾಕು. ಸಕ್ಕರೆ ಕಂಡರೆ "ಇದೇನು ಪಾನಕ ಮಾಡೀಯೇನು?" ಎನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಮಗನಿಗೆ ಏನೂ ಬೇಡ, ಬಂಡಿಯ ಹತ್ತಿರ ನಿಂತು ಸೀಸೆಗೇ ಬಾಯಿ ಹಚ್ಚಬೇಕು.

ಮಕ್ಕಳೇ, ಹಾಗೆ ಕುಡಿಯುವವರಿಗೆ ಒಂದು ಗುಟ್ಟು ಹೇಳುತ್ತೇನೆ. ಗೋಲಿ ಸೋಡಾ ಸೀಸೆಯ ಕತ್ತಿನ ಒಂದು ಬದಿಯಲ್ಲಿ ಬೆರಳಿನಿಂದ ಒತ್ತಿದಂತೆ ಎರಡು ಗುಳಿಗಳಿರುತ್ತವೆ. ಆ ಬದಿ ಕೆಳಗೆ ಬರುವಂತೆ ಹಿಡಿದು ಬಗ್ಗಿಸಿದರೆ ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ. ಇಲ್ಲವಾದರೆ ಉರುಳಿ ಬಂದು ಬಾಯಿ ಮುಚ್ಚುತ್ತದೆ! ಈ ಸೀಸೆಗೆ 1872ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಹೈರಮ್ ಕಾಡ್. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಮೇಲಕ್ಕೆ ತಳ್ಳಿ ರಬ್ಬರ್ ಉಂಗುರಕ್ಕೆ ಅಂಟಿಸುವುದರಿಂದ ಬೇರೆ ಬಿರಡೆಯೇ ಬೇಕಿಲ್ಲ. ಕೋಕಾಕೋಲಾ 1977ರಲ್ಲಿ ನಮ್ಮ ದೇಶ ಬಿಟ್ಟುಹೋಯಿತು, 1993ರಲ್ಲಿ ಮರಳಿ ಬಂತು. ಗೋಲಿ ಸೋಡಾ ಮಾತ್ರ ಎಲ್ಲಿಗೂ ಹೋಗದೆ, ಮೂಲೆಗೆ ಸರಿದರೂ ಉಳಿದುಕೊಂಡಿದೆ.

ಹೆಸರೂ ಉಳಿದಿದೆ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಅದು ಗೋಲಿ ಸೋಡಾವೇ. ದೆಹಲಿಯಲ್ಲಿ ಬಂಟಾ; ಅಂದರೂ ಗೋಲಿಯೇ. ಮಾರುವವನು ದಿನವೂ ಕೂಗುವ ವಸ್ತುವಿನ ಹೆಸರು ಅಷ್ಟು ಬೇಗ ಸಾಯುವುದಿಲ್ಲ. ಪುಕ್ಕಟೆ ಸಿಗುವ ನೀರಿನ ಹೆಸರಿಗೆ ಆ ಭಾಗ್ಯವಿಲ್ಲ.

ಹೋದ ಬೇಸಿಗೆಯಲ್ಲಿ ಕಾಚಿಗುಡದ ರಸ್ತೆಬದಿಯಲ್ಲಿ ಚಪ್ಪರ ಹಾಕಿ ಮಡಕೆಗಳನ್ನಿಟ್ಟಿದ್ದರು. ಮಗ ತೆಲುಗು ಫಲಕ ಓದಿ, "ಅಮ್ಮಾ, ಚಲಿವೇಂದ್ರಂಗೆ ಕನ್ನಡದಲ್ಲಿ ಏನಂತಾರೆ? ವಾಟರ್ ಡಿಸ್ಪೆನ್ಸರ್ರಾ?" ಎಂದ. "ಅರವಟ್ಟಿಗೆ" ಎಂದೆ. "ಒಬ್ಬಟ್ಟಿನ ತಮ್ಮನಾ?" ಎಂದು ನಕ್ಕ. ನನಗೂ ನಗು ಬಂತು. ಆದರೆ ಮನೆಗೆ ಬಂದ ಮೇಲೆ ಒಂದು ಮಾತು ಕೊರೆಯತೊಡಗಿತು: ನಮ್ಮ ಮನೆಯಲ್ಲಿ ಈ ಪದ ಬಲ್ಲವರು ನಾವಿಬ್ಬರೇ. ನಮ್ಮ ನಂತರ?

ನೋಡಿ, ಈ ಊರಿನಲ್ಲಿ ಆ ಮಡಕೆಗಳಿಗೆ ಎಷ್ಟು ಹೆಸರು! ತೆಲುಗಿನ ಚಲಿವೇಂದ್ರಂನಲ್ಲಿ ಇರುವುದು ನಮ್ಮ ಚಳಿಯೇ, ತಂಪು. ಮೊಹರಂ ದಿನಗಳಲ್ಲಿ ಕರ್ಬಲಾದ ಬಾಯಾರಿಕೆಯನ್ನು ನೆನೆದು ಮುಸಲ್ಮಾನ ಬಂಧುಗಳು ಇಡುವುದು ಸಬೀಲ್. ಅರಬ್ಬಿಯಲ್ಲಿ ಅದಕ್ಕೆ ದಾರಿ ಎಂದರ್ಥ. ನಮ್ಮ ಅರವಟ್ಟಿಗೆಯಲ್ಲಿರುವ 'ಅರ' ಹಳಗನ್ನಡದ 'ಅಱ', ಅಂದರೆ ಧರ್ಮ ಎಂದು ಬಲ್ಲವರು ಹೇಳುತ್ತಾರೆ. ಒಬ್ಬರು ತಂಪನ್ನು ಕಂಡರು, ಒಬ್ಬರು ದಾರಿಯನ್ನು, ನಮ್ಮವರು ಧರ್ಮವನ್ನು. ನೀರು ಒಂದೇ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ನಾನು. ಡಿಸ್ಪೆನ್ಸರ್ ಎಂಬ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಗುಂಡಿ ಒತ್ತಿದರೆ ನೀರು ಬೀಳಿಸುವ ಪೆಟ್ಟಿಗೆಗೆ ಆ ಹೆಸರು ಸಾಕು. ಬಿಸಿಲಲ್ಲಿ ಕುಳಿತು, ಜಾತಿ ಕುಲ ಕೇಳದೆ, ಗುರುತಿಲ್ಲದವರ ಬೊಗಸೆಗೆ ನೀರೆರೆಯುವ ಕೆಲಸಕ್ಕೆ ಅದು ಸಾಲದು.

1956ರಲ್ಲಿ ಹೈದರಾಬಾದ್ ರಾಜ್ಯದ ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನಮ್ಮಲ್ಲಿ ಅನೇಕ ಮನೆಗಳು ಇಲ್ಲೇ ಉಳಿದವು. ನೀವು ಮೂರು ನಾಲ್ಕು ಭಾಷೆ ಮಾತಾಡುವುದು ನಮಗೆ ಹೆಮ್ಮೆಯೇ. ಅವುಗಳ ನಡುವೆ ಕನ್ನಡಕ್ಕೂ ಬಾಯಾರಿಕೆಯ ಹೊತ್ತಿನಲ್ಲಿ ಒಂದು ಪದವಿರಲಿ.

ಬರುವ ಬೇಸಿಗೆಗೆ ಸಂಘದ ಬಾಗಿಲಲ್ಲಿ ಎರಡು ಮಡಕೆ ಇಡೋಣ. ಫಲಕವನ್ನು ತೆಲುಗು, ಉರ್ದು, ಕನ್ನಡ ಮೂರರಲ್ಲೂ ನೀವೇ ಬರೆಯಿರಿ. ಬೆಳಿಗ್ಗೆ ಮಡಕೆ ತೊಳೆದು ನೀರು ತುಂಬುವ ಕೆಲಸ ನನಗಿರಲಿ.